ಗುಮಾಸ್ತನ ಕಣ್ಣು, ಭಾವನ ಬಾಯಿ

ನಮ್ಮ ಭಾವನಿಗೆ ಕತ್ತಲಲ್ಲಿ ಕಣ್ಣು ಕಾಣುತ್ತದೆ ಎಂಬ ಸುದ್ದಿಯನ್ನು ಊರಿಗೆಲ್ಲ ಹಬ್ಬಿಸಿದವನು ನಾನೇ ಎಂದು ಈಗಲೂ ಕೆಲವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ದೊಡ್ಡ ಕೆಲಸ ಮಾಡಿದವರನ್ನು ಜನ ನೆನೆಯುವುದೇ ಹೀಗೆ.

ನಾನು ಕೊಡೆ ರಿಪೇರಿ ಮಾಡುವವನು. ನಾನು ಕಡ್ಡಿ ಕಟ್ಟಿದ ಕೊಡೆ ಬಿರುಗಾಳಿಗೆ ಸಿಕ್ಕರೆ ಹಿಡಿದ ಮನುಷ್ಯ ಹಾರಿಹೋಗುತ್ತಾನೆಯೇ ಹೊರತು ಕೊಡೆ ಮುರಿಯುವುದಿಲ್ಲ. ಹಾಗೆ ಹಾರಿಹೋದ ಗಿರಾಕಿಗಳು ಕೆಲವರಿದ್ದಾರೆ. ದೂರು ಹೇಳಲು ಇದುವರೆಗೆ ಒಬ್ಬರೂ ವಾಪಸು ಬಂದಿಲ್ಲ. ಊರಿನವರು ನನ್ನನ್ನು ಛತ್ರಿ ಎಂದು ಕರೆಯುತ್ತಾರೆ. ಕಸುಬಿನಿಂದ ಬಂದ ಹೆಸರು. ಬೇರೆ ಅರ್ಥ ಹುಡುಕುವವರು ಕೆಲಸವಿಲ್ಲದವರು.

ಭಾವ ಎಂದರೆ ನನ್ನ ಅಕ್ಕನ ಗಂಡ. ಬೇಕರಿಯ ಬ್ರೆಡ್ ಗಾಡಿ ಹೊಡೆಯುತ್ತಿದ್ದರು. ನಾಲ್ಕು ಚಕ್ರದ ಮೇಲೆ ಕೂರಿಸಿದ ಹಸಿರು ಪೆಟ್ಟಿಗೆ, ಹಿಂದೆ ಎರಡು ಬಾಗಿಲು, ಮುಂದೆ ಒಂದು ಕುದುರೆ. ಕುದುರೆಯ ಹೆಸರು ಗುಮಾಸ್ತ. ತಲೆ ತಗ್ಗಿಸಿಕೊಂಡು ಬಂದು, ನಿಲ್ಲಬೇಕಾದ ಬಾಗಿಲಲ್ಲೆಲ್ಲ ನಿಂತು, ಸಂಜೆ ತಲೆ ತಗ್ಗಿಸಿಕೊಂಡೇ ಲಾಯಕ್ಕೆ ಹೋಗುತ್ತಿದ್ದುದರಿಂದ ಭಾವ ಇಟ್ಟ ಹೆಸರು ಅದು. ಅಂಥ ಕುದುರೆ ಭೂಮಂಡಲದಲ್ಲಿ ಇನ್ನೊಂದಿರಲಿಲ್ಲ. ಹೋಟೆಲಿನವನು ಇವತ್ತು ಬ್ರೆಡ್ ಬೇಡ ಎಂದರೆ ಗುಮಾಸ್ತ ಅವನ ಬಾಗಿಲು ಬಿಟ್ಟು ಕದಲುತ್ತಿರಲಿಲ್ಲ. ಅವನು ನಾಚಿಕೆಪಟ್ಟು ಒಂದೆರಡಾದರೂ ಕೊಂಡ ಮೇಲೆಯೇ ಮುಂದಿನ ಹೆಜ್ಜೆ.

ಬೇಕರಿ ಗುಡ್ಡದ ಈಚೆ. ಆಸ್ಪತ್ರೆ, ಹಾಸ್ಟೆಲು, ರೈಲ್ವೆ ಸ್ಟೇಷನ್ನು ಗುಡ್ಡದ ಆಚೆ. ನಡುವೆ ಗುಡ್ಡ ಕೊರೆದು ಮಾಡಿದ ಸುರಂಗ. ಅದರೊಳಗಿನ ದೀಪಗಳು ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದವು. ಮಧ್ಯದಲ್ಲೊಂದು ತಿರುವು ಬೇರೆ. ಆ ಕಡೆಯ ಬೆಳಕು ಈ ಕಡೆಗಿಲ್ಲ, ಈ ಕಡೆಯದು ಆ ಕಡೆಗಿಲ್ಲ. ಅಂಥ ಕತ್ತಲನ್ನು ನೀವು ನೋಡಿರಲಿಕ್ಕಿಲ್ಲ. ಒಂದು ಸಲ ನಾನು ಅದರೊಳಗೆ ನಿಂತು ಕಪ್ಪು ಕೊಡೆ ಬಿಚ್ಚಿದೆ. ಕೊಡೆ ಬೆಳ್ಳಗೆ ಕಂಡಿತು.

ದಿನಕ್ಕೆರಡು ಸಲ ಭಾವ ಆ ಸುರಂಗ ದಾಟಬೇಕಿತ್ತು. ನಸುಕಿನ ಸುತ್ತಿನಲ್ಲಿ ಗುಮಾಸ್ತ ಒಂದು ಕ್ಷಣವೂ ನಿಲ್ಲದೆ ಒಳಗೆ ನುಗ್ಗುತ್ತಿದ್ದ. ಮಧ್ಯಾಹ್ನದ ಸುತ್ತಿನಲ್ಲಿ ಮಾತ್ರ ಸುರಂಗದ ಬಾಯಲ್ಲಿ ಗಕ್ಕನೆ ನಿಂತುಬಿಡುತ್ತಿದ್ದ. ಭಾವ ಕೆಳಗಿಳಿದು, ಅವನ ಕುತ್ತಿಗೆಯ ಮೇಲೆ ಕೈಯಿಟ್ಟು ಮಾತಾಡುತ್ತಿದ್ದರು. ಸ್ವಲ್ಪ ಹೊತ್ತು ಮಾತು ಕೇಳಿಸಿಕೊಂಡ ಮೇಲೆ ಗುಮಾಸ್ತ ತಾನೇ ತಾನಾಗಿ ಒಳಗೆ ಹೆಜ್ಜೆ ಇಡುತ್ತಿದ್ದ.

"ಬೆಳಿಗ್ಗೆ ಅವನಿಗೆ ಮಾತು ಬೇಡ. ಮುಖ ಬಿಗಿದಿರುತ್ತೆ, ನನ್ನ ಹಾಗೇ. ಮಧ್ಯಾಹ್ನ ಆದ್ರೆ ನಾಲ್ಕು ಮನೆ ವಿಷಯ ಬೇಕು ಅವನಿಗೆ," ಎಂದು ಭಾವ ನನಗೆ ವಿವರಿಸಿದ್ದರು.

ಮನೆಯಲ್ಲಿ ಭಾವನ ಬಾಯಿಂದ ಮಾತು ಬೀಳುವುದೆಂದರೆ ನಲ್ಲಿಯಲ್ಲಿ ನೀರು ಬಂದ ಹಾಗೆ. ಬಂದರೆ ಬಂತು, ಇಲ್ಲದಿದ್ದರೆ ಬರೀ ಗೊರಗೊರ. "ಊಟ ಆಯ್ತಾ?" "ಹೂಂ." "ಸಾಕಾ?" "ಹೂಂ." ಅಕ್ಕ ಇಷ್ಟು ವರ್ಷ ಈ ಎರಡು ಹೂಂಗಳ ನಡುವೆ ಸಂಸಾರ ಮಾಡಿದ್ದಳು. "ಆ ಕುದುರೆ ಹತ್ರ ಅದೇನು ಮಾತಾಡ್ತಾರೋ," ಎಂದು ಒಮ್ಮೊಮ್ಮೆ ಕಿಟಕಿಯ ಬಳಿ ನಿಂತು ನನ್ನನ್ನು ಕೇಳುತ್ತಿದ್ದಳು. ನಾನೇನು ಹೇಳಲಿ? ಕುದುರೆಯ ಸುದ್ದಿ ಒಂದು ಬಿಟ್ಟರೆ ನನ್ನ ಎದುರಿಗೂ ಅದೇ ಹೂಂ.

ಎಲ್ಲ ಶುರುವಾದದ್ದು ಕ್ಷೌರದಂಗಡಿಯಲ್ಲಿ. ಭಾವ ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕುರ್ಚಿಯಲ್ಲಿದ್ದರು. ಬೆಂಚಿನ ಮೇಲೆ ನಾನು ಮತ್ತು ತೆರಿಗೆ ಕಚೇರಿಯ ಕ್ಲಾರ್ಕು. ಈ ಕ್ಲಾರ್ಕು ಮಹಾಶಯನ ಕೆಲಸವೇ ಇನ್ನೊಬ್ಬರ ಕಾಲೆಳೆಯುವುದು. ತೆರಿಗೆ ಕೆಲಸ ಅವನ ಹವ್ಯಾಸ.

"ಆ ಸುರಂಗದಲ್ಲಿ ಲಾಟೀನೂ ಇಲ್ದೆ ಗಾಡಿ ಹೇಗಪ್ಪಾ ಹೊಡೀತೀರಿ?" ಎಂದು ಕ್ಷೌರಿಕ ಕೇಳಿದ.

"ಕಾಣುತ್ತಲ್ಲ," ಎಂದರು ಭಾವ ನೊರೆಯೊಳಗಿಂದ.

"ಕಾಣೋದು ಕುದುರೆಗೆ," ಎಂದ ಕ್ಲಾರ್ಕು. "ಇವರದೇನು ಕೆಲಸ? ಬ್ರೆಡ್ ಥರಾನೇ ಇವರೂ ಒಂದು ಸಾಮಾನು. ಅದು ಹಿಂದೆ, ಇವರು ಮುಂದೆ."

ಅಂಗಡಿ ಗೊಳ್ಳೆಂದಿತು. ಭಾವ ಕನ್ನಡಿಯಲ್ಲಿ ತಮ್ಮ ಮುಖ ನೋಡಿಕೊಂಡರು. ಅರ್ಧ ನೊರೆ, ಅರ್ಧ ಅವಮಾನ. "ಕುದುರೆಗಲ್ಲ ರೀ, ನನಗೆ ಕಾಣುತ್ತೆ," ಎಂದುಬಿಟ್ಟರು.

ನಿಜಕ್ಕೂ ಸುರಂಗದಲ್ಲಿ ಭಾವ ಭಯಕ್ಕೆ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿ, ಲಗಾಮು ಸಡಿಲ ಬಿಟ್ಟು ಕೂತಿರುತ್ತಿದ್ದರು. ನಾನು ಒಂದು ಸಲ ಜೊತೆಗೆ ಹೋದವನು, ನನಗೆ ಗೊತ್ತು. ಆದರೆ ಅಕ್ಕನ ಗಂಡನ ಮರ್ಯಾದೆ ಸೋಪಿನ ನೀರಿನ ಜೊತೆ ಹರಿದುಹೋಗುತ್ತಿರುವಾಗ ಭಾಮೈದನಾದವನು ಬೆಂಚು ಬಿಸಿ ಮಾಡುತ್ತ ಕೂರಬಹುದೇ? ಎದ್ದು ನಿಂತೆ.

"ಏನಂದ್ಕೊಂಡಿದೀರಿ ನಮ್ಮ ಭಾವನ್ನ? ಕತ್ತಲಲ್ಲಿ ಸೂಜಿಗೆ ದಾರ ಪೋಣಿಸ್ತಾರೆ. ಆ ಕುದುರೆಗೆ ಕತ್ತಲಲ್ಲಿ ಏನೂ ಕಾಣಲ್ಲ. ಹಗಲಲ್ಲೂ ಅಷ್ಟಕ್ಕಷ್ಟೇ. ಇವರೇ ಅದಕ್ಕೆ ಕಣ್ಣು!"

ಇಷ್ಟೇ ನಾನು ಹೇಳಿದ್ದು. ಉಳಿದದ್ದೆಲ್ಲ ಊರಿನವರ ಪ್ರತಿಭೆ.

ಕ್ಷೌರದಂಗಡಿಯಿಂದ ಹೊರಟ ಸುದ್ದಿ ತರಕಾರಿ ಮಾರ್ಕೆಟ್ಟು ಮುಟ್ಟುವ ಹೊತ್ತಿಗೆ ಭಾವ ಮುಚ್ಚಿದ ಬೀರುವಿನೊಳಗೆ ಏನಿದೆ ಎಂದು ಹೇಳಬಲ್ಲವರಾಗಿದ್ದರು. ಬಸ್ ನಿಲ್ದಾಣ ಮುಟ್ಟುವಷ್ಟರಲ್ಲಿ ಗೋಡೆಯ ಆಚೆಯದೂ ಕಾಣುತ್ತಿತ್ತು. ಎದುರುಮನೆಯ ಟೈಲರು ಮಂಚದ ಕೆಳಗೆ ಕಳೆದುಹೋದ ಬೆಳ್ಳಿ ಗುಂಡಿ ಹುಡುಕಿಕೊಡಿ ಎಂದು ಕರೆದುಕೊಂಡು ಹೋದ. ಭಾವ ಮಂಚದ ಕೆಳಗೆ ತೂರಿ ಟೈಲರ ಅತ್ತೆಯ ಕಾಲು ಹಿಡಿದು ಹೊರಗೆ ಬಂದರು. ಆಕೆ ಮಂಚದ ಆ ಕಡೆ ಕೂತು ಸೊಪ್ಪು ಸೋಸುತ್ತಿದ್ದಳಂತೆ.

ಸಿನಿಮಾ ಥಿಯೇಟರಿನ ಮ್ಯಾನೇಜರು ಬಂದರು. ಟಾರ್ಚಿನವನು ರಜೆ ಹಾಕಿದ್ದಾನೆ, ಮ್ಯಾಟಿನಿಗೆ ನೀವೊಂದು ದಿನ ಜನ ಕೂರಿಸಿಕೊಡಿ ಎಂದರು. ಭಾವ ಬ್ಯಾಂಕಿನ ಏಜೆಂಟರನ್ನು ಕೈಹಿಡಿದು ಕರೆದೊಯ್ದು ಅತ್ಯಂತ ಗೌರವದಿಂದ ಒಬ್ಬ ಪೈಲ್ವಾನನ ತೊಡೆಯ ಮೇಲೆ ಕೂರಿಸಿದರು.

"ಇದೇನ್ರೀ ಇವರ ಕಣ್ಣು?" ಎಂದು ಮ್ಯಾನೇಜರು ನನ್ನ ಅಂಗಡಿಗೆ ಬಂದು ಕೂಗಾಡಿದರು.

"ತಪ್ಪು ನಿಮ್ಮದು," ಎಂದೆ. "ಪರದೆ ಮೇಲೆ ಅಷ್ಟು ಬೆಳಕು ಬಿಟ್ಕೊಂಡು ಕತ್ತಲಲ್ಲಿ ಕಾಣೋರನ್ನ ಕರೆದ್ರೆ? ಅಪ್ಪಟ ಕತ್ತಲು ಕೊಟ್ಟು ನೋಡಿ."

ಮ್ಯಾನೇಜರು ತಲೆದೂಗಿ ಕ್ಷಮೆ ಕೇಳಿ ಹೋದರು. ನನ್ನ ವಾದದ ಮುಂದೆ ಹೈಕೋರ್ಟೂ ಅಷ್ಟೇ ಮಾಡುತ್ತಿತ್ತು.

ಅಕ್ಕ ಮಾತ್ರ ತಲೆದೂಗಲಿಲ್ಲ. "ಮನೇಲಿ ಹಾಡುಹಗಲು ಚಪ್ಪಲಿ ಸಿಗಲ್ಲ ಇವರಿಗೆ. ನಿಮ್ಮಿಬ್ಬರ ನಾಟಕ ಎಲ್ಲಿಗೆ ಹೋಗಿ ಮುಟ್ಟುತ್ತೋ!" ಎಂದಳು. ಅದು ನೇರವಾಗಿ ಹೋಗಿ ಬೇಕರಿ ಯಜಮಾನರನ್ನು ಮುಟ್ಟಿತು.

ಯಜಮಾನರು ಬಹಳ ದಿನದಿಂದ ಮೋಟಾರು ವ್ಯಾನಿನ ಆಸೆ ಇಟ್ಟುಕೊಂಡಿದ್ದವರು. ಒಂದು ಬೆಳಿಗ್ಗೆ ಗಿರಾಕಿಗಳ ಎದುರಿಗೇ ಭಾವನನ್ನು ಕರೆದರು.

"ಅಲ್ಲಯ್ಯಾ, ಕುದುರೆಗೆ ಕಣ್ಣು ಕಾಣಲ್ವಂತೆ? ಇಷ್ಟು ದಿನ ನನಗೊಂದು ಮಾತು ಹೇಳ್ಬಾರ್ದಾ?"

"ಹಾಗೇನಿಲ್ಲ ಯಜಮಾನ್ರೇ, ಅವನಿಗೂ ಸ್ವಲ್ಪ..."

"ಸ್ವಲ್ಪ?" ಎಂದು ಯಾರೋ ಹಿಂದಿನಿಂದ ಕೇಳಿದರು. ತಿರುಗಿದರೆ ಅದೇ ಕ್ಲಾರ್ಕು, ಕೈಯಲ್ಲಿ ಬನ್ನು, ಮುಖದಲ್ಲಿ ನಗು. ಭಾವ ಮನೆಯಲ್ಲಿ ಅಕ್ಕನಿಗೆ ಕೊಡುವ ಹೂಂ ಒಂದನ್ನು ಯಜಮಾನರಿಗೂ ಕೊಟ್ಟರು. ಆ ಒಂದು ಹೂಂಗೆ ಗುಮಾಸ್ತನ ನೌಕರಿ ಹೋಯಿತು.

ವಾರದೊಳಗೆ ವ್ಯಾನು ಬಂತು. ಗುಮಾಸ್ತನನ್ನು ಗುಡ್ಡದಾಚೆಯ ಪಾರ್ಕಿನವರು ಮಕ್ಕಳ ಸವಾರಿಗೆಂದು ಕೊಂಡರು. ಪಾರ್ಕಿನ ಆಳು ಹಗ್ಗ ಹಿಡಿದು ಕರೆದೊಯ್ಯುವಾಗ ಗುಮಾಸ್ತ ತಲೆ ತಗ್ಗಿಸಿಕೊಂಡೇ ಹೋದ. ಬೀದಿಯ ತಿರುವಿನ ಹೋಟೆಲಿನ ಮುಂದೆ ಮಾಮೂಲಿನಂತೆ ನಿಂತ. ಹೋಟೆಲಿನವನು ಹೊರಗೆ ಬಂದು, ಹಿಂದೆ ಗಾಡಿಯಿಲ್ಲದ್ದು ನೋಡಿ, ಏನು ಮಾಡಬೇಕೆಂದು ತೋಚದೆ ಕೈಮುಗಿದ. ಭಾವನ ಕೈಯಲ್ಲಿ ಕುದುರೆಯ ಕುತ್ತಿಗೆಯ ಗಂಟೆ ಉಳಿದಿತ್ತು. ಅದನ್ನು ಮನೆಗೆ ತಂದು ಅಡುಗೆಮನೆಯ ಮೊಳೆಗೆ ನೇತುಹಾಕಿದರು. ಸೌಟು ತೆಗೆಯಲು ಹೋದಾಗಲೆಲ್ಲ ಅಕ್ಕನ ಕೈ ತಗುಲಿ ಅದು ಠಣ್ ಎನ್ನುತ್ತಿತ್ತು. ಹಜಾರದಲ್ಲಿ ಭಾವ ಎದ್ದು ನಿಲ್ಲುತ್ತಿದ್ದರು.

ಇನ್ನು ಭಾವನ ಸ್ಥಿತಿಯನ್ನು ಹೇಳುವುದು ನನ್ನಂಥ ಮಿತಭಾಷಿಗೆ ಕಷ್ಟ. ವ್ಯಾನು ಚಾಲೂ ಮಾಡುವ ಮೊದಲು ನಾಲಿಗೆಯಲ್ಲಿ ಟಕ್ ಟಕ್ ಎನ್ನುತ್ತಿದ್ದರು. ನಿಲ್ಲಿಸುವಾಗ ಬ್ರೇಕಿನ ಜೊತೆ "ಹೋ... ಹೋ..." ಸಂಜೆ ವ್ಯಾನಿನ ಮುಂದೆ ಒಂದು ಬಕೆಟ್ ನೀರಿಟ್ಟು ಮನೆಗೆ ಬಂದ ದಿನವೂ ಉಂಟು. ಅಂಗಿಯ ಜೇಬಿನಲ್ಲಿ ಬ್ರೆಡ್ಡಿನ ಅಂಚು ತುಂಬಿಕೊಳ್ಳುವ ಅಭ್ಯಾಸ ಬಿಡಲಿಲ್ಲ. ತಿನ್ನುವ ಬಾಯಿ ಇಲ್ಲದ್ದರಿಂದ ಅವು ಜೇಬಿನಲ್ಲೇ ಒಣಗಿ, ಬಟ್ಟೆ ಒಗೆಯುವಾಗ ಅಕ್ಕನ ಕೈಗೆ ಸಿಗುತ್ತಿದ್ದವು. ಮೊದಮೊದಲು ಬೈಯುತ್ತಿದ್ದಳು. ಆಮೇಲೆ ಸುಮ್ಮನೆ ತೆಗೆದು ಗೂಡಿನಲ್ಲಿಡತೊಡಗಿದಳು.

ಮಧ್ಯಾಹ್ನದ ಸುತ್ತಿನಲ್ಲಿ ಸುರಂಗದ ಬಾಯಲ್ಲಿ ವ್ಯಾನು ಗಕ್ಕನೆ ನಿಲ್ಲುತ್ತಿತ್ತು. ನಿಲ್ಲಿಸಿದವರು ಭಾವನೇ, ಆದರೆ ವ್ಯಾನೇ ನಿಂತಿತೆಂಬ ಮುಖ ಮಾಡಿಕೊಂಡು ಕೆಳಗಿಳಿದು, ಬಾನೆಟ್ಟಿನ ಮೇಲೆ ಕೈಯಿಟ್ಟು, "ನೋಡಪ್ಪಾ..." ಎಂದು ಶುರುಮಾಡಿ ಸುಮ್ಮನಾಗುತ್ತಿದ್ದರು. ಬಾನೆಟ್ಟು ಕೈ ಸುಡುತ್ತಿತ್ತು. ಹಿಂದೆ ಲಾರಿಗಳ ಹಾರನ್ನು ಮುಗಿಲು ಮುಟ್ಟಿ, ಎರಡು ಮೋಡ ಅಲ್ಲೇ ಒಡೆದವು ಎಂದರೆ ನೀವು ನಂಬುವುದಿಲ್ಲ, ಬಿಡಿ.

ಕತ್ತಲಲ್ಲಿ ಕಣ್ಣು ಕಾಣುವವನಿಗೆ ಹೆಡ್‌ಲೈಟ್ ಯಾಕೆ ಎಂದು ಯಜಮಾನರು ಒಂದು ದಿನ ಎರಡೂ ಬಲ್ಬು ಬಿಚ್ಚಿಸಿದರು. ಭಾವ ಹಳೇ ಅಭ್ಯಾಸದಂತೆ ಕಣ್ಣು ಮುಚ್ಚಿ ಒಳಗೆ ಹೋದರು. ಭಾವ ಕಣ್ಣು ಮುಚ್ಚಿದ್ದರೂ ಗುಮಾಸ್ತ ದಾಟಿಸುತ್ತಿದ್ದ. ವ್ಯಾನು ನೇರವಾಗಿ ಹೋಗಿ ತಿರುವಿನ ಗೋಡೆಯನ್ನು ಅಪ್ಪಿಕೊಂಡಿತು. ಆಸ್ಪತ್ರೆಯ ರೋಗಿಗಳಿಗೆ ಆವತ್ತು ಬ್ರೆಡ್ ಬದಲು ಭಾವನೇ ಹೋದರು, ಹಣೆಗೆ ಹೊಲಿಗೆ ಹಾಕಿಸಿಕೊಳ್ಳಲು. ಮರುದಿನ ಬಲ್ಬು ವಾಪಸು ಬಂದವು.

ಭಾವ ಸುತ್ತು ಮುಗಿದ ಮೇಲೆ ದಿನಾ ಪಾರ್ಕಿಗೆ ಹೋಗುತ್ತಿದ್ದಾರೆಂದು ನನಗೆ ತಿಳಿದದ್ದು ಅಲ್ಲಿನ ಟಿಕೆಟ್ಟಿನವನಿಂದ. "ನಿಮ್ಮ ಭಾವ ಮಕ್ಕಳ ಸಾಲಲ್ಲಿ ನಿಂತ್ಕೋತಾರೆ ಸ್ವಾಮಿ. ಚಿಕ್ಕ ಮಕ್ಕಳಿಗೆ ಮಾತ್ರ ಅಂತ ಬೋರ್ಡ್ ಇದೆ. ಹೇಳಿದ್ರೆ, 'ನಾನು ಹತ್ತಲ್ಲ, ನನ್ನ ಸರದಿ ಬಂದಾಗ ಪಕ್ಕದಲ್ಲಿ ನಡೀತೀನಿ' ಅಂತಾರೆ. ಹಿಂದಿರೋ ಪಾಪುಗಳು ಅಳ್ತವೆ." ನಾನು ಹೋಗಿ ನೋಡಿದೆ. ಸೊಂಟದೆತ್ತರದ ಮಕ್ಕಳ ನಡುವೆ ಹಣೆಗೆ ಪಟ್ಟಿ ಕಟ್ಟಿಕೊಂಡ ಭಾವ, ಕೈಯಲ್ಲಿ ಗುಲಾಬಿ ಬಣ್ಣದ ಟಿಕೆಟ್ಟು. ಸರದಿ ಬಂತು. ಕೊಳದ ಸುತ್ತ ಒಂದು ಸುತ್ತು ಇಬ್ಬರೂ ತಲೆ ತಗ್ಗಿಸಿಕೊಂಡು ನಡೆದರು.

"ಮನೆಗೆ ತಂದ್ಬಿಡ್ಲಾ?" ಎಂದು ಆವತ್ತು ಭಾವ ಅಕ್ಕನನ್ನು ಕೇಳಿದರಂತೆ. ಒಂದೇ ಉಸಿರಿಗೆ ಅಷ್ಟು ಉದ್ದದ ಮಾತು ಕೇಳಿ ಅಕ್ಕ ಗಾಬರಿಯಾದಳು.

"ಎರಡನೇ ಮಹಡಿಗಾ? ಮೆಟ್ಟಿಲು ಹೇಗೆ ಹತ್ತಿಸ್ತೀರಿ?"

"ಅಳತೆ ನೋಡಿದೀನಿ. ತಿರುವಿನಲ್ಲಿ ಮಾತ್ರ ಕಷ್ಟ."

ಅಕ್ಕ ನಗಲಿಲ್ಲ. ಅದೇ ನನಗೆ ಆಶ್ಚರ್ಯ.

ಇತ್ತ ಪಾರ್ಕಿನಲ್ಲಿ ಹೊಸ ತಾಪತ್ರಯ ಎದ್ದಿತು. ಗುಮಾಸ್ತನನ್ನು ಕಟ್ಟಲು ಕೊಟ್ಟಿದ್ದ ಜಾಗ ಕಿಟಕಿಯೇ ಇಲ್ಲದ ಹಳೇ ಗೋದಾಮು. ಬಿಸಿಲಿನಿಂದ ಕರೆತಂದರೆ ಬಾಗಿಲಲ್ಲೇ ನಿಂತುಬಿಡುತ್ತಿದ್ದ. ತಳ್ಳಿದರೆ ಇಲ್ಲ, ಎಳೆದರೆ ಇಲ್ಲ. ಆಳುಗಳು ಸುಸ್ತಾಗಿ ಬೀಡಿ ಸೇದಲು ಕೂತರೆ, ಅವರು ನೋಡದಿರುವಾಗ ತಾನೇ ಒಳಗೆ ಹೋಗಿ ನಿಂತಿರುತ್ತಿದ್ದ. ಇದು ಚೇಷ್ಟೆಯೋ ಕುರುಡೋ ಎಂದು ಪಾರ್ಕಿನ ಸೂಪರಿಂಟೆಂಡೆಂಟರು ವಿಚಾರಿಸಿದಾಗ ಇಡೀ ಊರು ಒಂದೇ ಬಾಯಲ್ಲಿ ಹೇಳಿತು: "ಕುರುಡೇ ಸಾರ್. ಅದರ ಕಣ್ಣು ಬೇಕರಿಯವರ ಹತ್ರ ಇದೆ."

ಸೂಪರಿಂಟೆಂಡೆಂಟರು ತಕ್ಷಣ ಅದನ್ನು ದಾಟಿಸಲು ಹೊರಟರು. ದೂರದ ಒಂದು ತೋಟದವರು, ರೈಲಿನಲ್ಲಿ ಎರಡು ಹಗಲು ಹೋಗಬೇಕಾದಷ್ಟು ದೂರದವರು, ಕೊಳ್ಳಲು ಒಪ್ಪಿದರು. ಕಣ್ಣಿರಬೇಕು ಎಂಬುದೊಂದೇ ಷರತ್ತು. ಪಶುವೈದ್ಯೆ ಬಂದು ನೋಡಿ ಸರಿ ಎಂದರೆ ತೋಟಕ್ಕೆ. ಇಲ್ಲವೆಂದರೆ? ಸೂಪರಿಂಟೆಂಡೆಂಟರು ಕೈಯಲ್ಲೇ ತೋರಿಸಿದರು. ಚರ್ಮದ ಕಾರ್ಖಾನೆ ಸ್ಟೇಷನ್ನಿನ ಹಿಂದೆಯೇ ಇತ್ತು.

ಸುಡುಸುಡು ಮಧ್ಯಾಹ್ನ. ಗೂಡ್ಸ್ ಯಾರ್ಡಿನಲ್ಲಿ ಒಂದು ಕಬ್ಬಿಣದ ವ್ಯಾಗನ್ನು, ಅದಕ್ಕೆ ಇಳಿಜಾರಾಗಿ ಹಾಕಿದ ಹಲಗೆ, ಹಲಗೆಯ ಬುಡದಲ್ಲಿ ಗುಮಾಸ್ತ. ಬೆಳಗಿನಿಂದ ಎಳೆಯುತ್ತಿದ್ದಾರೆ, ನಾಲ್ಕು ಕಾಲೂ ನೆಲಕ್ಕೆ ಬೆಸೆದ ಹಾಗಿವೆ. ಸುತ್ತ ಊರಿಗೆ ಊರೇ ನೆರೆದಿತ್ತು. ಪಕ್ಕದ ಎರಡು ಊರೂ ಬಂದಿದ್ದವು ಎಂದು ನನ್ನ ಅಂದಾಜು. ಸ್ಟೇಷನ್ ಮಾಸ್ಟರು ಹಸಿರು ಬಾವುಟವನ್ನು ಬೀಸಣಿಗೆ ಮಾಡಿಕೊಂಡು ಓಡಾಡುತ್ತಿದ್ದರು. ತೋಟದಿಂದ ಬಂದಿದ್ದ ಆಳು, ತೆಳ್ಳಗಿನ, ಮಾತಿಲ್ಲದ ಮನುಷ್ಯ, ವ್ಯಾಗನ್ನಿನ ನೆರಳಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ.

ಡಾಕ್ಟರಮ್ಮ ಗುಮಾಸ್ತನ ಕಣ್ಣ ಮುಂದೆ ಕೈಯಾಡಿಸಿ ನೋಡಿದರು. "ಬೆಳಕಲ್ಲಿ ಪರವಾಗಿಲ್ಲ. ಆದರೆ ಕತ್ತಲಲ್ಲಿ ಕಾಣಲ್ಲ ಅಂತ ಊರೆಲ್ಲ ಹೇಳ್ತಿದೆ. ಒಳಗೆ ನಡೆದು ತೋರಿಸಲಿ. ನಡೀಲಿಲ್ಲ ಅಂದ್ರೆ ನಾನು ಕುರುಡು ಅಂತಲೇ ಹೇಳ್ಬೇಕಾಗುತ್ತೆ."

"ಕಣ್ಣಿನ ಯಜಮಾನರನ್ನ ಕರೀರಿ!" ಎಂದು ಕ್ಲಾರ್ಕು ಕೂಗಿದ. ಜನ ದಾರಿ ಬಿಟ್ಟಿತು. ಭಾವ ವ್ಯಾನು ರಸ್ತೆಯಲ್ಲೇ ಬಿಟ್ಟು ಬಂದರು. ಹಿಂದೆ ಅಕ್ಕ, ಸೆರಗಲ್ಲಿ ಏನನ್ನೋ ಕಟ್ಟಿಕೊಂಡು.

ಆಗ ಭಾವನಿಗೆ ಬಂದ ಸಂಕಟ ಶತ್ರುವಿಗೂ ಬೇಡ. ಗುಮಾಸ್ತ ಒಳಗೆ ಹೋಗದಿದ್ದರೆ ಊರಲ್ಲೇ ಉಳಿಯುತ್ತಾನೆ, ಕಾರ್ಖಾನೆಯ ಗೋಡೆಯೊಳಗೆ. ಒಳಗೆ ಹೋದರೆ ಬದುಕುತ್ತಾನೆ, ಎರಡು ಹಗಲು ದೂರದಲ್ಲಿ. ಇನ್ನು ಮೇಲೆ ಗುಲಾಬಿ ಟಿಕೆಟ್ಟೂ ಇಲ್ಲ.

"ಭಾವ, ಕಿವಿ ಹಿಡಿದು ಎಳೀರಿ!" ಎಂದು ನಾನು ಸಲಹೆ ಕೊಟ್ಟೆ. ಕೇಳಿಸಿಕೊಳ್ಳಲಿಲ್ಲ. ಗುಮಾಸ್ತನ ಹತ್ತಿರ ಹೋಗಿ ಹಗ್ಗ ಬಿಚ್ಚಿಸಿದರು. ಹಲಗೆಯ ಮೇಲೆ ಕರೆದೊಯ್ದು, ವ್ಯಾಗನ್ನಿನ ಬಾಗಿಲ ನೆರಳಿನಲ್ಲಿ, ಮುಖ ಒಳಗಿನ ಕತ್ತಲ ಕಡೆಗೆ ಮಾಡಿ ನಿಲ್ಲಿಸಿ, ಕುತ್ತಿಗೆಯ ಮೇಲೆ ಕೈಯಿಟ್ಟರು. ಊರೆಲ್ಲ ಕೇಳುತ್ತಿದೆ ಎಂಬುದು ನೆನಪಾಗಿ ಒಂದು ಸಲ ಹಿಂದೆ ತಿರುಗಿ ನೋಡಿದರು. ಆಮೇಲೆ ಶುರುಮಾಡಿದರು.

"ಏನಪ್ಪಾ ಗುಮಾಸ್ತ, ಹೇಗಿದೀಯಾ? ನಮ್ಮ ಮನೇಲಿ ಎಲ್ಲಾ ಹಾಗೇ ಇದೆ. ಆ ಕಿಟಕಿ ಇನ್ನೂ ಮುಚ್ಚೋಕೆ ಬರಲ್ಲ. ಅವಳು ದಿನಾ ಸರಿ ಮಾಡಿಸಿ ಅಂತಾಳೆ, ನಾನು ದಿನಾ ನಾಳೆ ಅಂತೀನಿ. ನಿನಗೆ ಹೇಳಿದ್ನಲ್ಲ ಯಾಕೆ ಅಂತ. ಸಂಜೆ ಅಲ್ಲಿ ನಿಂತು ನಾನು ಬರೋ ದಾರಿ ನೋಡ್ತಿರ್ತಾಳೆ. ಕಿಟಕಿ ಸರಿ ಹೋದ್ರೆ ಮುಚ್ಕೊಂಡು ಒಳಗೆ ಹೋಗ್ಬಿಡ್ತಾಳೇನೋ ಅಂತ ಭಯ."

ಜನ ಅಕ್ಕನ ಕಡೆ ತಿರುಗಿತು. ಅಕ್ಕ ಸೆರಗಿನ ಗಂಟನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಮೊನ್ನೆ ನೀಲಿ ಸೀರೆ ಉಟ್ಟಿದ್ಲು. ಚೆನ್ನಾಗಿದೆ ಅಂತ ಹೇಳ್ಬೇಕು ಅಂತ ಬಾಯಿ ತನಕ ಬಂತು. ಆಮೇಲೆ ಊಟ ಬಡಿಸಿದ್ಲು, ಹೂಂ ಅಂದೆ. ನೀನಿದ್ದಿದ್ರೆ ನಿನಗಾದ್ರೂ ಹೇಳ್ತಿದ್ದೆ."

"ಗಾಡಿ ಹೊರಡೋ ಹೊತ್ತಾಯ್ತು ರೀ!" ಎಂದರು ಸ್ಟೇಷನ್ ಮಾಸ್ಟರು.

"ಸುಮ್ನಿರಿ ಸಾರ್, ನೀಲಿ ಸೀರೆ ವಿಷಯ ನಡೀತಿದೆ," ಎಂದು ಟೈಲರ ಅತ್ತೆ ಗದರಿದಳು.

"ಅವಳ ತಮ್ಮ ಇದಾನಲ್ಲ, ಕೊಡೆಯವನು," ಎಂದು ಭಾವ ಮುಂದುವರಿಸಿದರು, "ಮೊನ್ನೆ ಮತ್ತೊಂದು ಕೊಡೆ ಕೆಡಿಸಿದ. ಮನುಷ್ಯ ಒಳ್ಳೆಯವನು. ಬಾಯಿ ಒಂದು, ಬಿಚ್ಚಿದ್ರೆ ಮತ್ತೆ ಮಡಚೋಕೆ ಬರಲ್ಲ."

ಕುದುರೆಗೆ ಖಾಸಗಿಯಾಗಿ ಹೇಳಿದ ಮಾತನ್ನು ನಾನು ಗಣನೆಗೆ ತೆಗೆದುಕೊಳ್ಳುವವನಲ್ಲ. ಆದರೂ ನಗುತ್ತಿದ್ದವರ ಮುಖಗಳನ್ನೆಲ್ಲ ಗುರುತಿಟ್ಟುಕೊಂಡೆ.

ಭಾವನ ದನಿ ಇಳಿಯಿತು. ಜನ ಕಿವಿ ನಿಮಿರಿಸಿತು. "ನನಗೆ ಕತ್ತಲಲ್ಲಿ ಏನೂ ಕಾಣಲ್ಲ ಕಣೋ. ನಿನಗೆ ಗೊತ್ತೇ ಇದೆ. ಒಳಗೆ ಹೋಗ್ತಿದ್ದ ಹಾಗೇ ಕಣ್ಣು ಮುಚ್ಕೋತಿದ್ದೆ. ಕರ್ಕೊಂಡು ಹೋಗ್ತಿದ್ದದ್ದು ನೀನು. ಆವತ್ತು ಯಜಮಾನ್ರು ಕೇಳಿದಾಗ ಅದೊಂದು ಮಾತು ನನ್ನ ಬಾಯಿಗೆ ಬರಲಿಲ್ಲ ನೋಡು. ಬಂದಿದ್ರೆ ನೀನಿಲ್ಲಿ..."

ಅಷ್ಟರಲ್ಲಿ ಗುಮಾಸ್ತ ತಲೆ ತಗ್ಗಿಸಿದ. ಮುಂಗಾಲು ಎತ್ತಿ ಒಳಗಿಟ್ಟ. ಭಾವನ ಕೈ ಗಾಳಿಯಲ್ಲಿ ಉಳಿಯಿತು. ಅವನು ನಡೆದೇ ಹೋದ.

ಪರೀಕ್ಷಿಸಲೆಂದು ಸೂಪರಿಂಟೆಂಡೆಂಟರು ಹಿಂದೆಯೇ ನುಗ್ಗಿದರು. ಒಳಗೆ ನೀರಿನ ಬಕೆಟ್ಟೂ ಹಗ್ಗದ ಸುರುಳಿಯೂ ಇದ್ದವು. ಗುಮಾಸ್ತ ಎರಡನ್ನೂ ಬಳಸಿಕೊಂಡು ಹೋಗಿ ಮೂಲೆಯ ಹುಲ್ಲಿಗೆ ಬಾಯಿ ಹಾಕಿದ. ಸೂಪರಿಂಟೆಂಡೆಂಟರು ಎರಡರ ಮೇಲೂ ಬಿದ್ದು ಒದ್ದೆಯಾಗಿ ಹೊರಬಂದರು. ನೆರೆದವರ ಚಪ್ಪಾಳೆಗೆ ಹಳಿ ಅಲುಗಿತು.

"ಇಷ್ಟೇನಾ!" ಎಂದರು ಡಾಕ್ಟರಮ್ಮ. "ಕುರುಡೂ ಇಲ್ಲ, ಏನೂ ಇಲ್ಲ. ಕುದುರೆ ಕಣ್ಣಿನ ಹಿಂದೆ ಕನ್ನಡಿ ಥರದ ಪೊರೆ ಇರುತ್ತೆ. ಚೂರುಪಾರು ಬೆಳಕನ್ನೂ ಎರಡು ಸಲ ಬಳಸಿಕೊಳ್ಳುತ್ತೆ. ಮಬ್ಬಿನಲ್ಲಿ ನಮಗಿಂತ ಎಷ್ಟೋ ಚೆನ್ನಾಗಿ ಕಾಣುತ್ತೆ. ಆದರೆ ಬಿಸಿಲಿಂದ ಕತ್ತಲಿಗೆ ಬಂದಾಗ ಅದರ ಕಣ್ಣು ಹೊಂದಿಕೊಳ್ಳೋದು ನಮ್ಮದಕ್ಕಿಂತ ನಿಧಾನ. ನಸುಕಲ್ಲಾದ್ರೆ ನಿಲ್ಲಲ್ಲ, ಹೊರಗೂ ಮಬ್ಬೇ ತಾನೆ? ಮಧ್ಯಾಹ್ನ ನಿಲ್ಲುತ್ತೆ. ಅದಕ್ಕೆ ಬೇಕಾದದ್ದು ಸ್ವಲ್ಪ ಹೊತ್ತು, ಅಷ್ಟೇ. ಮಾತುಗೀತು ಏನೂ ಬೇಕಿಲ್ಲ."

ಭಾವ ಅವರನ್ನೇ ನೋಡಿದರು. "ಮಾತು... ಬೇಕಿರಲಿಲ್ವಾ?"

"ಇಲ್ಲ. ಸುಮ್ನೆ ನಿಂತಿದ್ರೂ ಆಗ್ತಿತ್ತು."

ಕ್ಲಾರ್ಕು ಕೂಡ ನಗಲಿಲ್ಲ. ಇಷ್ಟು ವರ್ಷ ಒಬ್ಬನಾದರೂ ತನ್ನ ಮಾತು ಕೇಳಿಸಿಕೊಳ್ಳುತ್ತಿದ್ದಾನೆ ಎಂದುಕೊಂಡಿದ್ದ ಮನುಷ್ಯನ ಮುಖ ಹೇಗಾಗುತ್ತದೋ ಹಾಗಾಗಿತ್ತು ಭಾವನ ಮುಖ.

"ರೀ," ಎಂದಳು ಅಕ್ಕ. ಹಲಗೆ ಹತ್ತಿ ಅವರ ಪಕ್ಕ ಬಂದು ನಿಂತಿದ್ದಳು. "ಅವರಿಗೆ ಕಣ್ಣಿನ ವಿಷಯ ಗೊತ್ತು. ನಾನು ಕಿವಿ ನೋಡ್ತಿದ್ದೆ. ನೀವು ಮಾತಾಡುವಷ್ಟು ಹೊತ್ತೂ ಅವನ ಕಿವಿ ನಿಮ್ಮ ಕಡೆನೇ ತಿರುಗಿತ್ತು."

ಸೆರಗಿನ ಗಂಟು ಬಿಚ್ಚಿದಳು. ಜೇಬುಗಳಿಂದ ತೆಗೆದು ಗೂಡಿನಲ್ಲಿಟ್ಟಿದ್ದ ಬ್ರೆಡ್ಡಿನ ಅಂಚುಗಳು. ಇಬ್ಬರೂ ಒಳಗೆ ಹೋದರು. ಭಾವ ಒಂದೊಂದಾಗಿ ಗುಮಾಸ್ತನಿಗೆ ತಿನ್ನಿಸಿದರು. ಗಂಟೆಯನ್ನೂ ತಂದಿದ್ದಳು, ಅದನ್ನು ಅವನ ಕುತ್ತಿಗೆಗೆ ಅವಳೇ ಕಟ್ಟಿದಳು.

ಅವರು ಹೊರಗಿಳಿದಾಗ ತೋಟದ ಆಳು ಎದ್ದು ಬಂದು ತಲೆ ಕೆರೆದುಕೊಂಡ. "ಅಲ್ಲೂ ಲಾಯ ಕತ್ತಲೇ ಅಣ್ಣಾ. ದಿನಾ ಬಾಗಿಲಲ್ಲಿ ನಿಲ್ಲುತ್ತೆ ಅಂದ್ರೆ, ನಾನೂ ಏನಾದ್ರೂ ಮಾತಾಡ್ಲಾ?"

"ಬೇಕಿಲ್ವಂತೆ," ಎಂದರು ಭಾವ. ಆಮೇಲೆ ಮೆಲ್ಲಗೆ, "ಆದ್ರೂ ಮಾತಾಡು. ಅಭ್ಯಾಸ ಆಗಿದೆ ಅವನಿಗೆ."

"ಏನು ಮಾತಾಡ್ಲಿ?"

"ಮನೆ ವಿಷಯ."

"ನನಗೆ ಮನೆ ಅಂತ ಯಾರೂ ಇಲ್ಲ ಅಣ್ಣಾ."

ಭಾವ ಅವನ ಕಡೆ ತಿರುಗಿದರು. "ಹಾಗಾದ್ರೆ ನಮ್ಮನೇದೇ ಹೇಳು. ಕಿಟಕಿ ಇನ್ನೂ ಹಾಗೇ ಇದೆ ಅಂತ ಹೇಳು. ನೀಲಿ ಸೀರೆ ವಿಷಯ ಕೇಳಿಸ್ಕೊಂಡೆಯಲ್ಲ. ಬೇಕಾದ್ರೆ ಛತ್ರಿ ವಿಷಯಾನೂ ಸೇರಿಸ್ಕೋ, ಅದು ಎಷ್ಟು ಹೇಳಿದ್ರೂ ಮುಗಿಯಲ್ಲ."

ಗಾರ್ಡು ಬಂದು ಬಾಗಿಲೆಳೆಯುವ ಮೊದಲು ಒಳಗೆ ಟಾರ್ಚು ಬಿಟ್ಟ. ಮೂಲೆಯ ಕತ್ತಲಲ್ಲಿ ಎರಡು ಕಣ್ಣು ಹಸಿರು ದೀಪದ ಹಾಗೆ ಫಕ್ಕನೆ ಹೊತ್ತಿಕೊಂಡು ಇತ್ತ ನೋಡಿದವು. ಭಾವ ಕುದುರೆಯ ಹಿಂದೆ, ಕಣ್ಣು ಮುಚ್ಚಿಕೊಂಡು ಕೂರುತ್ತಿದ್ದವರು. ಅಷ್ಟು ವರ್ಷದಲ್ಲಿ ಕತ್ತಲಲ್ಲಿ ಗುಮಾಸ್ತನ ಕಣ್ಣನ್ನು ಅವರು ನೋಡಿದ್ದು ಅದೇ ಮೊದಲು. ಬಾಗಿಲು ಜಾರಿ ಮುಚ್ಚಿತು. ಗಂಟೆ ಒಂದು ಸಲ ಠಣ್ ಎಂದಿತು. ಭಾವ ಎಂದಿನಂತೆ ಎದ್ದು ನಿಲ್ಲಬೇಕಾಗಿರಲಿಲ್ಲ, ನಿಂತೇ ಇದ್ದರು.

ಹೀಗೆ ನನ್ನ ಕೀರ್ತಿ ಎರಡು ಹಗಲು ದೂರದ ತೋಟದವರೆಗೆ ಹಬ್ಬಿತು. ಈಗಲೂ ಸಂಜೆ ಆ ಲಾಯದ ಬಾಗಿಲಲ್ಲಿ ನಾನು ಒಂದೇ ಒಂದು ಸಲ ಕಂಡ ಮನುಷ್ಯನೊಬ್ಬ ನನ್ನ ವಿಷಯ ಹೇಳುತ್ತಿರುತ್ತಾನೆ, ಅದನ್ನೊಂದು ಕುದುರೆ ಕಿವಿ ತಿರುಗಿಸಿ ಕೇಳುತ್ತಿರುತ್ತದೆ. ಇಂಥ ಭಾಗ್ಯ ಈ ಊರಿನ ಇನ್ನೊಬ್ಬನಿಗಿದ್ದರೆ ತೋರಿಸಿ.

ವ್ಯಾನು ಈಗಲೂ ಮಧ್ಯಾಹ್ನ ಸುರಂಗದ ಬಾಯಲ್ಲಿ ಗಕ್ಕನೆ ನಿಲ್ಲುತ್ತದೆ. ಆದರೆ ಪಕ್ಕದ ಸೀಟಿನಲ್ಲಿ ಅಕ್ಕ ಕೂತಿರುತ್ತಾಳೆ. ಆಸ್ಪತ್ರೆಯ ಲೆಕ್ಕ ನೋಡಲು ಜೊತೆಗೆ ಹೋಗುತ್ತೇನೆಂದು ಅವಳ ನೆಪ. ಮೊನ್ನೆ ನಾನೂ ಹಿಂದೆ ಬ್ರೆಡ್ ತಟ್ಟೆಗಳ ನಡುವೆ ಹತ್ತಿ ಕೂತಿದ್ದೆ, ಕಾವಲಿಗೆ. ಕಾವಲು ಕಾಯುತ್ತ ಎರಡು ಬನ್ನು ಖಾಲಿಯಾದವು. ಭಾವ ಸುರಂಗದೊಳಗೆ ಸ್ವಲ್ಪ ದೂರ ಹೋಗಿ, ಬದಿಗೆ ನಿಲ್ಲಿಸಿ, ದೀಪ ಆರಿಸಿದರು.

"ಈಗ ಅವನೆಲ್ಲಿ ನಿಂತಿರ್ತಾನೋ," ಎಂದರು ಭಾವ.

"ಬಾಗಿಲಲ್ಲಿ," ಎಂದಳು ಅಕ್ಕ.

"ನೀಲಿ ಸೀರೆ... ಚೆನ್ನಾಗಿತ್ತು."

"ಇವತ್ತೂ ಅದನ್ನೇ ಉಟ್ಟಿದೀನಿ. ಕಾಣ್ತಿದೆಯಾ?"

"ಇಲ್ಲ, ಇನ್ನೂ ಕಣ್ಣು ಹೊಂದ್ಕೊಂಡಿಲ್ಲ."

ಹಿಂದೆ ಲಾರಿಯವನು ಹಾರನ್ನು ಬಾರಿಸಿದ.

"ಹೋಗೋರು ಪಕ್ಕದಲ್ಲಿ ಹೋಗ್ಲಿ," ಎಂದಳು ಅಕ್ಕ. "ಇನ್ನೂ ಸ್ವಲ್ಪ ಹೊತ್ತು ಇಲ್ಲೇ ಇರಿ. ಹೇಳಿ, ಆಮೇಲೆ?"

ಭಾವ ಹೇಳತೊಡಗಿದರು. ಅಕ್ಕ ಅವರ ಕಡೆಗೆ ತಿರುಗಿ ಕೂತಿದ್ದಳು, ಕೈ ಅವರ ಭುಜದ ಮೇಲಿತ್ತು. ಅಷ್ಟು ಕತ್ತಲಲ್ಲಿ ನಿನಗೆ ಹೇಗೆ ಕಾಣಿಸಿತು ಎಂದು ಕೇಳಬೇಡಿ. ನಮ್ಮ ಮನೆತನದಲ್ಲಿ ಒಬ್ಬರಿಗಾದರೂ ಕಾಣುತ್ತದೆ ಎಂದು ಮೊದಲಿಂದಲೂ ಹೇಳುತ್ತ ಬಂದವನು ನಾನು.